ಮುದ್ರಾರಾಕ್ಷಸನ ಹೊಸ ಅವತಾರ

ಕನ್ನಡದ ಅಚ್ಚುಕೂಟಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ವಿನೋದದ ಮಾತೊಂದುಂಟು. ಪುಸ್ತಕದಲ್ಲಿ ಅಚ್ಚಿನ ತಪ್ಪುಗಳು ಹೆಚ್ಚಾಗಿ ಕಂಡುಬಂದರೆ ‘ಇದು ಮುದ್ರಾರಾಕ್ಷಸನ ಹಾವಳಿ’ ಎನ್ನುತ್ತಾರೆ. ‘ಮುದ್ರಾರಾಕ್ಷಸ’ವು ವಿಶಾಖದತ್ತನು ಸಂಸ್ಕೃತದಲ್ಲಿ ರಚಿಸಿದ ಪ್ರಸಿದ್ಧ ನಾಟಕ. ಅಲ್ಲಿ ಮುದ್ರೆಯೆಂದರೆ ಮುದ್ರೆಯುಂಗುರ. ರಾಕ್ಷಸನೆಂಬುವನು ನಂದರ ಸ್ವಾಮಿಭಕ್ತ ಮಂತ್ರಿ. ಆ ನಾಟಕಕ್ಕೂ ಅಚ್ಚಿನ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಮುದ್ರಣವೆಂಬ ಪದದಲ್ಲಿ ಮುದ್ರೆಯಿರುವುದನ್ನೂ, ಅಕ್ಷರಗಳನ್ನು ನುಂಗಿಹಾಕುವ ಕೆಲಸಕ್ಕೆ ರಾಕ್ಷಸನೇ ತಕ್ಕವನೆಂಬುದನ್ನೂ ಕಂಡ ಯಾರೋ ರಸಿಕರು ಆ ಹೆಸರನ್ನು ಅಚ್ಚಿನ ತಪ್ಪಿಗೆ ಅಂಟಿಸಿದರು. ಅದು ಅಂಟಿಕೊಂಡೇ ಉಳಿದಿದೆ.

ಈಗ ಕಾಗದವೇ ಇಲ್ಲದ ಪುಸ್ತಕಗಳು ಬಂದಿವೆ. ೨೦೦೭ರ ನವೆಂಬರಿನಲ್ಲಿ ಅಮೆರಿಕದ ಅಮೆಜಾನ್ ಸಂಸ್ಥೆಯು ‘ಕಿಂಡಲ್’ ಎಂಬ ಓದುಯಂತ್ರವನ್ನು ಮಾರುಕಟ್ಟೆಗೆ ತಂದ ಮೇಲೆ ಇ-ಪುಸ್ತಕಗಳ ವ್ಯಾಪಾರವು ಬಹುಬೇಗ ಬೆಳೆಯಿತು. ಕೈಯಲ್ಲಿ ಹಿಡಿಯುವ ಒಂದು ಹಲಗೆಯೊಳಗೆ, ಇಲ್ಲವೇ ದಿನವೂ ಬಳಸುವ ಮೊಬೈಲಿನೊಳಗೆ ಸಾವಿರಾರು ಗ್ರಂಥಗಳು ಅಡಗಿ ಕುಳಿತುಕೊಳ್ಳುತ್ತವೆ. ಕನ್ನಡದಲ್ಲಿಯೂ ಕಾದಂಬರಿ, ಕಥೆ, ಪ್ರಬಂಧಗಳು ಈ ರೂಪದಲ್ಲಿ ಮಾರಾಟವಾಗುತ್ತಿವೆ. ಇಲ್ಲಿ ಸೀಸದ ಮೊಳೆಯಿಲ್ಲ, ಮಸಿಯಿಲ್ಲ, ಕಾಗದವಿಲ್ಲ. ಆದುದರಿಂದ ಮುದ್ರಾರಾಕ್ಷಸನಿಗೂ ಇಲ್ಲಿ ನೆಲೆಯಿರಲಾರದೆಂದು ಯಾರಾದರೂ ಭಾವಿಸಿದ್ದರೆ ಅದು ಸಹಜವೇ. ಆದರೆ ಬೆಲೆ ಕೊಟ್ಟು ಇ-ಪುಸ್ತಕಗಳನ್ನು ಕೊಳ್ಳುವ ಓದುಗರ ಅನುಭವ ಬೇರೆಯೇ ಆಗಿದೆ. ಅದೇ ಗ್ರಂಥದ ಕಾಗದದ ಪ್ರತಿಯಲ್ಲಿ ಇಲ್ಲದ ತಪ್ಪುಗಳು ಇ-ಪ್ರತಿಯಲ್ಲಿ ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತವೆ. ಇದು ಹೇಗಾಯಿತು?

ಇದನ್ನು ತಿಳಿಯಲು ಹಳೆಯ ಪದ್ಧತಿಯನ್ನು ಸ್ವಲ್ಪ ನೋಡಬೇಕು. ಅಚ್ಚುಮೊಳೆಗಳ ಕಾಲದಲ್ಲಿ ಮೊಳೆ ಜೋಡಿಸುವವನು ಹಸ್ತಪ್ರತಿಯನ್ನು ಮುಂದಿಟ್ಟುಕೊಂಡು, ಖಾನೆಗಳಿಂದ ಒಂದೊಂದೇ ಮೊಳೆಯನ್ನು ಆಯ್ದು ಸಾಲು ಕಟ್ಟುತ್ತಿದ್ದನು. ಉದ್ದನೆಯ ತಟ್ಟೆಯೊಂದು ತುಂಬಿದೊಡನೆ ಅದಕ್ಕೆ ಮಸಿ ಸವರಿ ಒಂದು ಪ್ರತಿಯನ್ನು ಒತ್ತಿ ತೆಗೆಯುತ್ತಿದ್ದರು. ಇದಕ್ಕೆ ಕರಡಚ್ಚು ಎಂದು ಹೆಸರು. ಪ್ರೂಫ್ ಎಂಬ ಮಾತೂ ಅಷ್ಟೇ ಬಳಕೆಯಲ್ಲಿದೆ. ಅನಂತರ ಇಬ್ಬರು ಎದುರುಬದುರಾಗಿ ಕುಳಿತುಕೊಳ್ಳುತ್ತಿದ್ದರು. ಒಬ್ಬನು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಿಡದೆ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬನು ಕರಡಚ್ಚಿನ ಮೇಲೆ ಕಣ್ಣು ನೆಟ್ಟು, ತಪ್ಪಿದ್ದಲ್ಲಿ ಅಂಚಿನಲ್ಲಿ ಗುರುತು ಹಾಕಬೇಕು. ತಿದ್ದಿದ ಮೇಲೆ ಎರಡನೆಯ ಕರಡು, ಪುಟ ಕಟ್ಟಿದ ಮೇಲೆ ಮತ್ತೊಂದು ಕರಡು. ಕೊನೆಗೆ ‘ಅಚ್ಚು ಮಾಡಬಹುದು’ ಎಂದು ಒಬ್ಬರು ರುಜು ಹಾಕಿದ ಹೊರತು ಯಂತ್ರ ತಿರುಗುತ್ತಿರಲಿಲ್ಲ. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ನೆನೆಸಿಕೊಳ್ಳಿರಿ. ಅದು ೧೭೦೦ಕ್ಕೂ ಮೀರಿದ ಪುಟಗಳ ಗ್ರಂಥ; ಅದರಲ್ಲಿ ಕನ್ನಡ ಲಿಪಿ, ರೋಮನ್ ಲಿಪಿಗಳೆರಡೂ ಹೆಣೆದುಕೊಂಡಿವೆ. ಅಂಥ ಗ್ರಂಥದ ಕರಡಚ್ಚನ್ನು ತಿದ್ದುವುದು ಎಂಥ ತಪಸ್ಸೆಂಬುದನ್ನು ಆ ಕೆಲಸ ಮಾಡಿದವರೇ ಬಲ್ಲರು. ಕರಡು ತಿದ್ದಿದವರ ಹೆಸರು ಸಾಮಾನ್ಯವಾಗಿ ಪುಸ್ತಕದಲ್ಲಿ ಎಲ್ಲಿಯೂ ಇರುವುದಿಲ್ಲವೆಂಬುದು ಬೇರೆ ಮಾತು.

ಇಷ್ಟೆಲ್ಲ ಎಚ್ಚರವಿದ್ದರೂ ತಪ್ಪುಗಳು ನುಸುಳುತ್ತಿದ್ದುವು. ೧೬೩೧ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಬೈಬಲಿನಲ್ಲಿ ಹತ್ತು ಆಜ್ಞೆಗಳ ಪೈಕಿ ಒಂದರಲ್ಲಿ ‘ಕೂಡದು’ ಎಂಬ ಅರ್ಥವನ್ನು ಕೊಡುವ ಚಿಕ್ಕ ಪದವೇ ಬಿಟ್ಟುಹೋಗಿದ್ದಿತು. ಮಾಡಬಾರದ ಪಾಪವನ್ನು ಮಾಡಬೇಕೆಂದು ದೇವರೇ ಅಪ್ಪಣೆ ಕೊಡಿಸಿದಂತಾಯಿತು! ಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲ್ಯೂಕಸ್ ಎಂಬವರಿಗೆ ೩೦೦ ಪೌಂಡುಗಳ ದಂಡ ಬಿದ್ದಿತು. ಅಂದಿನ ಕಾಲಕ್ಕೆ ಅದು ಬಹು ದೊಡ್ಡ ಮೊತ್ತ. ನಮ್ಮ ಪ್ರಕಾಶಕರು ಇಂಥ ಅಪಾಯಕ್ಕೆ ಒಂದು ಸಜ್ಜನಿಕೆಯ ಉಪಾಯವನ್ನು ಕಂಡುಕೊಂಡಿದ್ದರು. ಪುಸ್ತಕದ ಕೊನೆಯಲ್ಲಿಯೋ ಮೊದಲಲ್ಲಿಯೋ ‘ತಪ್ಪು-ಒಪ್ಪುಗಳ ಪಟ್ಟಿ’ಯನ್ನು ಅಂಟಿಸುತ್ತಿದ್ದರು. ಆ ಪಟ್ಟಿಯಲ್ಲಿಯೂ ಒಂದೆರಡು ತಪ್ಪುಗಳು ಇರುತ್ತಿದ್ದುವೆಂದು ಹಾಸ್ಯ ಮಾಡುವವರುಂಟು. ಇರಲಿ. ತಮ್ಮ ಕೆಲಸವನ್ನು ತಾವೇ ಮತ್ತೊಮ್ಮೆ ಓದಿ ನೋಡಿದ್ದೇವೆಂಬುದಕ್ಕೆ ಆ ಪಟ್ಟಿಯೇ ಸಾಕ್ಷಿಯಾಗಿದ್ದಿತು.

ಇ-ಪುಸ್ತಕವು ಸಿದ್ಧವಾಗುವ ಬಗೆ ಬೇರೆ. ಪುಸ್ತಕವು ಹಳೆಯದಾಗಿದ್ದರೆ, ಅದನ್ನು ಅಚ್ಚು ಮಾಡಿದ ಕಾಲದಲ್ಲಿ ಗಣಕಯಂತ್ರಗಳೇ ಇರಲಿಲ್ಲವಾದ್ದರಿಂದ ಪ್ರಕಾಶಕರಲ್ಲಿ ಕಾಗದದ ಪ್ರತಿಯ ಹೊರತು ಬೇರೇನೂ ಇರುವುದಿಲ್ಲ. ಆಗ ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರಗಳನ್ನಾಗಿ ಪಡೆಯುತ್ತಾರೆ. ಚಿತ್ರದಲ್ಲಿರುವುದು ಕಪ್ಪುಬಿಳುಪಿನ ಚುಕ್ಕೆಗಳು ಮಾತ್ರ, ಅಕ್ಷರಗಳಲ್ಲ. ಆ ಚುಕ್ಕೆಗಳ ಆಕಾರವನ್ನು ನೋಡಿ ‘ಇದು ಅ, ಇದು ಕ’ ಎಂದು ಊಹಿಸುವ ತಂತ್ರಾಂಶಕ್ಕೆ ಓ.ಸಿ.ಆರ್. ಎನ್ನುತ್ತಾರೆ. ಊಹೆ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಮನುಷ್ಯನು ಪದದ ಅರ್ಥವನ್ನು ಹಿಡಿದು ಓದುತ್ತಾನೆ; ಆಕಾರವನ್ನು ನಂಬಿದ ಯಂತ್ರಕ್ಕೆ ಮಸಿಯ ಕಲೆಯೂ, ಹುಳು ತಿಂದ ತೂತೂ, ಹಿಂದಿನ ಪುಟದಿಂದ ಮೂಡಿದ ನೆರಳೂ ಅಕ್ಷರದ ಭಾಗವಾಗಿಯೇ ಕಾಣಬಹುದು.

ಇಂಥ ಯಂತ್ರವು ನೂರಕ್ಕೆ ತೊಂಬತ್ತೊಂಬತ್ತು ಅಕ್ಷರಗಳನ್ನು ಸರಿಯಾಗಿ ಗುರುತಿಸಿತೆಂದು ಇಟ್ಟುಕೊಳ್ಳೋಣ. ಪರೀಕ್ಷೆಯಲ್ಲಿ ೯೯ ಅಂಕ ಬಂದರೆ ನಾವೆಲ್ಲ ಹಿಗ್ಗುತ್ತೇವೆ. ಆದರೆ ಪುಸ್ತಕದ ಲೆಕ್ಕವೇ ಬೇರೆ. ಒಂದು ಪುಟದಲ್ಲಿ ೨೦೦೦ ಅಕ್ಷರಗಳಿದ್ದರೆ ಶೇಕಡಾ ಒಂದರಂತೆ ಪುಟಕ್ಕೆ ೨೦ ತಪ್ಪುಗಳಾಗುತ್ತವೆ. ೩೦೦ ಪುಟಗಳ ಗ್ರಂಥದಲ್ಲಿ ೬೦೦೦ ತಪ್ಪುಗಳು. ಸಾವಿರಕ್ಕೆ ಒಂದೇ ತಪ್ಪು ಮಾಡುವ ಉತ್ತಮ ಯಂತ್ರವೂ ಅದೇ ಗ್ರಂಥದಲ್ಲಿ ೬೦೦ ತಪ್ಪುಗಳನ್ನು ಉಳಿಸುತ್ತದೆ. ಕಾಗದದ ಪುಸ್ತಕದಲ್ಲಿ ೬೦೦ ತಪ್ಪುಗಳಿದ್ದರೆ ಓದುಗನು ಅದನ್ನು ಅಂಗಡಿಯವನ ಮುಂದೆ ಎಸೆದು ಬರುತ್ತಿದ್ದನು.

ಈ ತಪ್ಪುಗಳಿಗೆ ತಮ್ಮದೇ ಆದ ಲಕ್ಷಣಗಳುಂಟು. ಇಂಗ್ಲಿಷಿನಲ್ಲಿ ಆರ್ ಮತ್ತು ಎನ್ ಎಂಬ ಎರಡು ಅಕ್ಷರಗಳು ಒತ್ತಾಗಿ ನಿಂತರೆ ಯಂತ್ರವು ಅವನ್ನು ಎಮ್ ಎಂದು ಓದುತ್ತದೆ. ‘ಮಾಡರ್ನ್’ ಎಂಬ ಪದವು ‘ಮೋಡೆಮ್’ ಆಗಿಬಿಡುತ್ತದೆ. ಇನ್ನೂರು ಮುನ್ನೂರು ವರ್ಷ ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಎಸ್ ಅಕ್ಷರವನ್ನು ಉದ್ದವಾಗಿ, ಎಫ್‌ನ ಹಾಗೆ ಕಾಣುವಂತೆ ಅಚ್ಚು ಮಾಡುತ್ತಿದ್ದರು. ಯಂತ್ರವು ಅದನ್ನು ಎಫ್ ಎಂದೇ ಬಗೆಯುತ್ತದೆ. ಎಲ್ಲಕ್ಕಿಂತ ಕಪಟಿಗಳೆಂದರೆ ‘ಹಿ’ ಮತ್ತು ‘ಬಿ’ ಎಂಬ ಎರಡಕ್ಷರದ ಪುಟ್ಟ ಪದಗಳು. ಒಂದರ ಮೊದಲಕ್ಷರ ಎಚ್, ಮತ್ತೊಂದರದು ಬಿ. ಎರಡರ ಆಕಾರವೂ ಬಹು ಸಮೀಪ. ‘ಅವನು’ ಎಂದಿರಬೇಕಾದಲ್ಲಿ ‘ಇರು’ ಎಂದಾಗುತ್ತದೆ. ಎರಡೂ ನಿಘಂಟಿನಲ್ಲಿರುವ ಪದಗಳೇ ಆದುದರಿಂದ ಕಾಗುಣಿತ ಪರೀಕ್ಷಿಸುವ ತಂತ್ರಾಂಶವು ಎರಡನ್ನೂ ಸರಿಯೆಂದು ಒಪ್ಪಿಕೊಂಡು ಮುಂದೆ ಹೋಗುತ್ತದೆ.

ಕನ್ನಡಕ್ಕೆ ಬಂದರೆ ಈ ಗೊಂದಲವು ಇನ್ನಷ್ಟು ಸ್ವಾರಸ್ಯಕರವಾಗಿದೆ. ನಮ್ಮ ಲಿಪಿಯಲ್ಲಿ ಒಂದು ಪುಟ್ಟ ಗೀಟು ಅಕ್ಷರವನ್ನೇ ಬದಲಿಸುತ್ತದೆ. ಪಕಾರದ ಹೊಟ್ಟೆಯಲ್ಲಿ ಗೀಟೊಂದನ್ನು ಎಳೆದರೆ ಅದು ಷಕಾರ. ಆ ಗೀಟು ಮಾಸಿದ್ದರೆ ‘ದೋಷ’ವು ‘ದೋಪ’ವಾಗುತ್ತದೆ, ಇದನ್ನು ಯಾರಾದರೂ ಕಂಡುಹಿಡಿಯಬಲ್ಲರು. ಆದರೆ ದಕಾರದ ಅಡಿಯಲ್ಲಿರುವ ಗೀಟು ಮಾಸಿದಾಗ ‘ಧನ’ವು ‘ದನ’ವಾಗುತ್ತದೆ. ‘ಅವನು ಬಹಳ ಧನವನ್ನು ಸಂಪಾದಿಸಿದನು’ ಎಂಬ ವಾಕ್ಯದಲ್ಲಿ ಒಂದು ಗೀಟು ಅಳಿಸಿಹೋದರೆ ಕಥಾನಾಯಕನು ಕೊಟ್ಟಿಗೆ ಕಟ್ಟಿಸಬೇಕಾಗುತ್ತದೆ. ದೀರ್ಘದ ಗುರುತು ಕಾಣದೆ ಹೋದರೆ ‘ಹೇಳಿದನು’ ಎಂಬುದು ‘ಹೆಳಿದನು’ ಆಗುತ್ತದೆ. ಇದೂ ಕಣ್ಣಿಗೆ ಬೀಳುವ ತಪ್ಪೇ. ಆದರೆ ‘ಹೋಗು’ ಎಂಬಲ್ಲಿ ದೀರ್ಘ ಬಿಟ್ಟರೆ ಉಳಿಯುವುದು ‘ಹೊಗು’. ಎಂದರೆ ಒಳಗೆ ಪ್ರವೇಶಿಸು ಎಂದರ್ಥ. ಕಥೆಯಲ್ಲಿ ಸಿಟ್ಟಿಗೆದ್ದ ರಾಜನು ಮಂತ್ರಿಗೆ ‘ಹೋಗು’ ಎಂದರೆ, ಇ-ಪುಸ್ತಕದ ರಾಜನು ಅವನನ್ನು ಒಳಗೆ ಕರೆದಂತಾಗುತ್ತದೆ! ‘ಕೋಡು’ ಎಂಬುದು ‘ಕೊಡು’ ಆಗುವುದೂ ಹೀಗೆಯೇ.

ಕಾಗುಣಿತ ತಿದ್ದುವ ತಂತ್ರಾಂಶವು ಕನ್ನಡಕ್ಕೆ ಇಲ್ಲವೇ ಎಂದು ಕೇಳಬಹುದು. ಉಂಟು, ಆದರೆ ಅದರ ಕೆಲಸ ಸುಲಭವಲ್ಲ. ನಮ್ಮ ಭಾಷೆಯಲ್ಲಿ ಒಂದು ನಾಮಪದಕ್ಕೆ ಪ್ರತ್ಯಯಗಳು ಒಂದರ ಮೇಲೊಂದು ಸೇರುತ್ತವೆ. ಮನೆ, ಮನೆಯಲ್ಲಿ, ಮನೆಯಲ್ಲಿಯೇ, ಮನೆಗಳಲ್ಲಿದ್ದವರು, ಮನೆಗಳಲ್ಲಿದ್ದವರಿಗೂ—ಹೀಗೆ ಬೆಳೆಯುವ ರೂಪಗಳನ್ನೆಲ್ಲ ಪಟ್ಟಿ ಮಾಡಿ ಯಂತ್ರಕ್ಕೆ ಒಪ್ಪಿಸುವುದು ಕಷ್ಟ. ಸಂಧಿ, ಸಮಾಸಗಳು ಸೇರಿದರೆ ಪಟ್ಟಿಗೆ ಕೊನೆಯೇ ಇಲ್ಲ. ಪಟ್ಟಿಯಲ್ಲಿಲ್ಲದ ಸರಿಯಾದ ಪದಗಳ ಕೆಳಗೆಲ್ಲ ತಂತ್ರಾಂಶವು ಕೆಂಪು ಗೆರೆ ಎಳೆಯುತ್ತ ಹೋದರೆ ಬೇಸತ್ತ ಕೆಲಸಗಾರನು ಆ ಗೆರೆಗಳನ್ನು ನೋಡುವುದನ್ನೇ ಬಿಟ್ಟುಬಿಡುತ್ತಾನೆ.

ಅಕ್ಷರಗಳ ತಪ್ಪಲ್ಲದೆ ಪುಟದ ವಿನ್ಯಾಸದಿಂದ ಹುಟ್ಟುವ ತಪ್ಪುಗಳೂ ಉಂಟು. ಸಾಲಿನ ಕೊನೆಯಲ್ಲಿ ಒಡೆದ ಪದವು ಹೊಸ ರೂಪದಲ್ಲಿಯೂ ಒಡೆದೇ ಉಳಿದು ‘ಅರಮನೆಗ ಳಲ್ಲಿ’ ಎಂದು ಬೀಳುತ್ತದೆ. ಅಡಿಟಿಪ್ಪಣಿಯು ವಾಕ್ಯದ ನಡುವೆ ನುಗ್ಗುತ್ತದೆ. ಬೆಲೆ ಕೊಟ್ಟು ಕೊಂಡ ಒಂದು ಹಳೆಯ ಇಂಗ್ಲಿಷ್ ಪ್ರಬಂಧಸಂಕಲನದ ಇ-ಪ್ರತಿಯನ್ನು ನಾನು ಓದತೊಡಗಿದಾಗ, ಎರಡು ಮೂರು ಪರಿಚ್ಛೇದಗಳಿಗೊಮ್ಮೆ ವಾಕ್ಯದ ಮಧ್ಯದಲ್ಲಿ ಪುಸ್ತಕದ ಹೆಸರೂ ಒಂದು ಅಂಕಿಯೂ ತಾವಾಗಿಯೇ ಬಂದು ಕುಳಿತಿರುತ್ತಿದ್ದುವು. ಮೂಲದ ಪ್ರತಿ ಪುಟದ ನೆತ್ತಿಯ ಮೇಲೆ ಅಚ್ಚಾಗಿದ್ದ ಶೀರ್ಷಿಕೆಯನ್ನು ಯಂತ್ರವು ನಿಷ್ಠೆಯಿಂದ ಓದಿಕೊಂಡಿದ್ದಿತು. ಮಾರುವ ಮುನ್ನ ಯಾರಾದರೊಬ್ಬರು ಹತ್ತು ಪುಟಗಳನ್ನು ತಿರುವಿದ್ದರೂ ಅದು ತಿಳಿಯುತ್ತಿದ್ದಿತು.

ಯಂತ್ರದ ಕಣ್ಣಿಗಿಂತ ಮನುಷ್ಯನ ಅವಸರವೇ ಹೆಚ್ಚು ಕೆಡಿಸಿದ ಪ್ರಸಂಗವೊಂದು ೨೦೧೨ರಲ್ಲಿ ಅಮೆರಿಕದಲ್ಲಿ ನಡೆಯಿತು. ಟಾಲ್‌ಸ್ಟಾಯ್ ಬರೆದ ‘ಯುದ್ಧ ಮತ್ತು ಶಾಂತಿ’ಯ ಇಂಗ್ಲಿಷ್ ಅನುವಾದವನ್ನು ಸಣ್ಣ ಪ್ರಕಾಶನವೊಂದು ಇ-ಪುಸ್ತಕವಾಗಿ ಮಾರುತ್ತಿದ್ದಿತು. ಅಲ್ಲಿ ಕಿಂಡಲ್ ಯಂತ್ರಕ್ಕೆ ಪ್ರತಿಸ್ಪರ್ಧಿಯಾಗಿ ‘ನೂಕ್’ ಎಂಬ ಇನ್ನೊಂದು ಓದುಯಂತ್ರವಿದೆ. ನೂಕ್ ಯಂತ್ರಕ್ಕಾಗಿ ಮಾರಿದ ಆ ಪ್ರತಿಯಲ್ಲಿ ‘ಕಿಂಡಲ್’ ಎಂಬ ಪದವಿದ್ದ ಕಡೆಯಲ್ಲೆಲ್ಲ ‘ನೂಕ್’ ಎಂದು ಬದಲಾಗಿಹೋಗಿದ್ದಿತು. ಕಿಂಡಲ್‌ಗಾಗಿ ಸಿದ್ಧವಾಗಿದ್ದ ಪ್ರತಿಯನ್ನು ನೂಕ್‌ಗೆ ಹೊಂದಿಸುವಾಗ ಒಂದೇ ಅಪ್ಪಣೆಯಿಂದ ಹೆಸರನ್ನು ಬದಲಿಸಹೋದರ ಫಲವೆಂದು ಅದನ್ನು ಕಂಡವರೆಲ್ಲ ಊಹಿಸಿದರು. ತೊಡಕೇನೆಂದರೆ, ಇಂಗ್ಲಿಷಿನಲ್ಲಿ ‘ಕಿಂಡಲ್’ ಎಂಬುದು ‘ಹೊತ್ತಿಸು’ ಎಂಬ ಅರ್ಥದ ಹಳೆಯ ಕ್ರಿಯಾಪದ. ಹತ್ತೊಂಬತ್ತನೆಯ ಶತಮಾನದ ರಷ್ಯದ ಪಾತ್ರಗಳು ದೀಪವನ್ನೂ ಬೆಂಕಿಯನ್ನೂ ‘ನೂಕ್’ ಮಾಡತೊಡಗಿದುವು! ಓದುಗನೊಬ್ಬನು ಇದನ್ನು ಗಮನಿಸಿ ಹೊರಗೆಡಹಿದ ಮೇಲೆ ಲೋಕವೆಲ್ಲ ನಕ್ಕಿತು.

ನಮ್ಮಲ್ಲಿ ಇಂಥದು ಆಗಲಾರದೆಂದು ತಿಳಿಯಬೇಡಿರಿ. ಕಥೆಯೊಂದರಲ್ಲಿ ‘ರಾಮ’ ಎಂಬ ಪಾತ್ರದ ಹೆಸರನ್ನು ‘ಭೀಮ’ ಎಂದು ಎಲ್ಲೆಡೆಯೂ ಬದಲಿಸಲು ಗಣಕಯಂತ್ರಕ್ಕೆ ಹೇಳಿ ನೋಡಿರಿ. ಅದು ಪದಗಳ ಎಲ್ಲೆಯನ್ನು ನೋಡದೆ ಅಕ್ಷರಗಳನ್ನೇ ಹುಡುಕಿದರೆ ‘ವಿರಾಮ’ವು ‘ವಿಭೀಮ’ವಾಗುತ್ತದೆ, ‘ಪರಾಮರ್ಶೆ’ಯು ‘ಪಭೀಮರ್ಶೆ’ಯಾಗುತ್ತದೆ, ‘ಗ್ರಾಮ’ಕ್ಕೆ ಒದಗುವ ಗತಿಯನ್ನು ಉಚ್ಚರಿಸುವುದೂ ಕಷ್ಟ.

ಹಳೆಯ ಪುಸ್ತಕಗಳ ಮಾತು ಹೀಗಾದರೆ, ಗಣಕಯಂತ್ರದಲ್ಲಿಯೇ ಹುಟ್ಟಿದ ಹೊಸ ಪುಸ್ತಕಗಳಲ್ಲಿ ತಪ್ಪೇಕೆ? ಇಲ್ಲಿ ಕಾರಣ ಬೇರೆ. ಒಂದು ಗ್ರಂಥಕ್ಕೆ ಲೇಖಕನ ಕಡತ, ಸಂಪಾದಕನು ತಿದ್ದಿದ ಕಡತ, ಪುಟ ಕಟ್ಟಿದ ಕಡತ ಎಂದು ಹಲವು ಕಡತಗಳಿರುತ್ತವೆ. ಕೊನೆಯ ಘಳಿಗೆಯ ತಿದ್ದುಪಡಿಗಳು ಅಚ್ಚಿಗೆ ಹೋಗುವ ಕಡತದಲ್ಲಿ ಮಾತ್ರ ಸೇರುತ್ತವೆ. ಅದಕ್ಕೂ ಹಿಂದಿನ ಕಡತದಿಂದ ಇ-ಪುಸ್ತಕವನ್ನು ತಯಾರಿಸಿದರೆ, ಒಮ್ಮೆ ತಿದ್ದಿ ತೆಗೆದ ತಪ್ಪುಗಳೆಲ್ಲ ಮರಳಿ ಜೀವ ತಳೆಯುತ್ತವೆ. ಕಡತ ಅದಲುಬದಲಾಗುವುದು ಕಾಗದದ ಪುಸ್ತಕದಲ್ಲಿಯೂ ಉಂಟು. ೨೦೧೦ರಲ್ಲಿ ಜೊನಾಥನ್ ಫ್ರಾನ್ಜೆನ್ ಎಂಬ ಅಮೆರಿಕದ ಕಾದಂಬರಿಕಾರರ ‘ಫ್ರೀಡಮ್’ ಎಂಬ ಕೃತಿಯ ಬ್ರಿಟಿಷ್ ಆವೃತ್ತಿಯು ಕೊನೆಯ ತಿದ್ದುಪಡಿಗಳಿಲ್ಲದ ಕಡತದಿಂದಲೇ ಅಚ್ಚಾಗಿ, ಪ್ರಕಾಶಕರು ಕೊಂಡವರಿಗೆಲ್ಲ ಪ್ರತಿಯನ್ನು ಬದಲಿಸಿಕೊಡಬೇಕಾಯಿತು. ಮರುವರ್ಷ, ೨೦೧೧ರ ಸೆಪ್ಟೆಂಬರಿನಲ್ಲಿ, ನೀಲ್ ಸ್ಟೀಫನ್‌ಸನ್ ಅವರ ‘ರೀಮ್ಡಿ’ ಎಂಬ ಕಾದಂಬರಿಯ ಕಿಂಡಲ್ ಪ್ರತಿಯು ತಪ್ಪುಗಳಿಂದ ತುಂಬಿದ್ದಿತೆಂದು ಓದುಗರು ದೂರಿದರು. ಅದನ್ನು ಹಿಂತೆಗೆದು ತಿದ್ದಿದ ಪ್ರತಿಯನ್ನು ಒದಗಿಸಲಾಯಿತು. ಹೆಸರಾಂತ ಲೇಖಕರ ಹೊಸ ಗ್ರಂಥದ ಕಥೆಯೇ ಹೀಗಾದಾಗ ಹೆಸರಿಲ್ಲದವರ ಗ್ರಂಥಗಳ ಪಾಡೇನು?

ಕನ್ನಡದ ಕಡತಗಳಿಗೆ ಇನ್ನೊಂದು ವಿಶೇಷವಾದ ಕಷ್ಟವಿದೆ. ೧೯೯೦ರ ದಶಕದ ಕೊನೆಯಿಂದೀಚೆಗೆ ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳು ಬಂದು ಕನ್ನಡದಲ್ಲಿ ಬೆರಳಚ್ಚಿಸುವುದನ್ನು ಸುಲಭ ಮಾಡಿದುವು. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಸ್ಥಾನಗಳಲ್ಲಿ ಕೂರಿಸಲಾಗಿದ್ದಿತು. ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ರೋಮನ್. ಲೋಕದ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸ್ಥಾನ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿದ್ದಿತಾದರೂ, ಪುಟ ಕಟ್ಟುವ ತಂತ್ರಾಂಶಗಳು ಅದಕ್ಕೆ ಹೊಂದದಿದ್ದುದರಿಂದ ನಮ್ಮ ಅಚ್ಚುಮನೆಗಳು ಬಹುಕಾಲ ಹಳೆಯ ಫಾಂಟುಗಳನ್ನೇ ಬಳಸಿದುವು. ಇಂದು ಆ ಪುಸ್ತಕಗಳನ್ನು ಇ-ಪುಸ್ತಕ ಮಾಡಬೇಕಾದರೆ ಅಕ್ಷರ ಅಕ್ಷರವನ್ನೂ ಯೂನಿಕೋಡಿಗೆ ಪರಿವರ್ತಿಸಬೇಕು.

ಪರಿವರ್ತನೆಯ ತೊಡಕನ್ನು ‘ಸೂರ್ಯ’ ಎಂಬ ಒಂದೇ ಪದದಿಂದ ತಿಳಿಯಬಹುದು. ಉಚ್ಚಾರಣೆಯಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಬರೆಯುವಾಗ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ಹಳೆಯ ಫಾಂಟು ಬರೆದ ಕ್ರಮವನ್ನೂ, ಯೂನಿಕೋಡ್ ನುಡಿದ ಕ್ರಮವನ್ನೂ ಅನುಸರಿಸುತ್ತದೆ. ಪರಿವರ್ತಕ ತಂತ್ರಾಂಶವು ಈ ಸ್ಥಾನಪಲ್ಲಟವನ್ನು ಮರೆತರೆ ‘ಸೂಯ೯’ ಎಂದು ಬೀಳುತ್ತದೆ. ಅರ್ಕಾವೊತ್ತಿನ ಜಾಗದಲ್ಲಿ ಅದೇ ಆಕಾರದ ಒಂಬತ್ತು ಎಂಬ ಅಂಕಿ ಬಂದು ಕೂರುತ್ತದೆ. ಇದಕ್ಕಿಂತ ಗುಪ್ತವಾದುದು ಅನುಸ್ವಾರದ ಮೋಸ. ‘ಬಂದನು’ ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆಯೆಂಬ ಅಂಕಿಯನ್ನು ಒತ್ತಿದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಆದರೆ ಗಣಕಯಂತ್ರದ ಪಾಲಿಗೆ ಅದು ‘ಬ, ಸೊನ್ನೆ, ದನು’. ಆ ಪದವನ್ನು ಹುಡುಕಿದರೆ ಸಿಗುವುದಿಲ್ಲ.

ಸಣ್ಣಪುಟ್ಟ ತಪ್ಪುಗಳಿಂದ ಏನು ಮಹಾ ನಷ್ಟ, ಓದುಗನು ಸಂದರ್ಭದಿಂದ ಸರಿಮಾಡಿಕೊಳ್ಳುವುದಿಲ್ಲವೇ ಎಂದು ಮಾರುವವರು ಹೇಳಬಹುದು. ಕಣ್ಣಿರುವ, ಭಾಷೆ ಬಲ್ಲ ಓದುಗನು ಸರಿಮಾಡಿಕೊಂಡಾನು. ಕಣ್ಣು ಕಾಣದ ಓದುಗರ ಮಾತೇನು? ಬ್ರೈಲ್ ಲಿಪಿಯಲ್ಲಿ ದೊರೆಯುವ ಪುಸ್ತಕಗಳು ಬಹು ಕಡಿಮೆ. ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಬಂದ ಮೇಲೆ ಇ-ಪುಸ್ತಕವು ಅವರಿಗೆ ಹೊಸ ಬಾಗಿಲನ್ನು ತೆರೆದಿದೆ. ಆ ತಂತ್ರಾಂಶವು ಇದ್ದುದನ್ನು ಇದ್ದಂತೆಯೇ ಉಚ್ಚರಿಸುತ್ತದೆ. ವಾಕ್ಯದ ನಡುವೆ ‘ಸೊನ್ನೆ’ ಎನ್ನುತ್ತದೆ, ‘ಒಂಬತ್ತು’ ಎನ್ನುತ್ತದೆ, ಅಡಿಟಿಪ್ಪಣಿಯನ್ನು ಕಥೆಯೊಳಗೇ ಓದುತ್ತದೆ. ಪಕ್ಕದ ಸಾಲನ್ನು ಕಣ್ಣು ಹಾಯಿಸಿ ನೋಡಿ ಸರಿಮಾಡಿಕೊಳ್ಳುವ ಅನುಕೂಲ ಕೇಳುವವನಿಗಿಲ್ಲ. ನಾವು ನಕ್ಕು ಮರೆಯುವ ತಪ್ಪು ಅವನಿಗೆ ಪುಸ್ತಕವನ್ನೇ ಮುಚ್ಚಿಬಿಡುತ್ತದೆ. ಭಾಷೆಯನ್ನು ಈಗ ತಾನೇ ಕಲಿಯುತ್ತಿರುವ ಬಾಲಕನ ಸ್ಥಿತಿಯೂ ಇದಕ್ಕೆ ಹತ್ತಿರದ್ದೇ. ಅಚ್ಚಾದುದೆಲ್ಲ ಸರಿಯೆಂದು ಅವನು ನಂಬುತ್ತಾನೆ. ಇನ್ನು ಅಂಕಿಗಳಲ್ಲಿ ತಪ್ಪಾದರೆ ಸಂದರ್ಭವೂ ಕೈಹಿಡಿಯದು. ಅಡುಗೆಯ ಪುಸ್ತ‌ಕದಲ್ಲಿ ಒಂದೂವರೆ ಎಂಬುದನ್ನು ಸೂಚಿಸುವ ಅಂಕಿಯನ್ನು ಯಂತ್ರವು ತಪ್ಪಾಗಿ ಓದಿದರೆ ಹನ್ನೊಂದು ಎಂದಾಗಬಹುದು. ಒಂದೂವರೆ ಚಮಚ ಉಪ್ಪಿನ ಬದಲು ಹನ್ನೊಂದು ಚಮಚ!

ಹಾಗಾದರೆ ಕರಡು ನೋಡಿಸುವುದಿಲ್ಲವೇಕೆ? ಉತ್ತರವು ಹಣದ ಲೆಕ್ಕದಲ್ಲಿದೆ. ಮೂಲದೊಡನೆ ಹೋಲಿಸಿ ಓದುವವನು ಗಂಟೆಗೆ ಹತ್ತು ಪುಟ ಮುಗಿಸುತ್ತಾನೆಂದು ಇಟ್ಟುಕೊಂಡರೂ ೩೦೦ ಪುಟಗಳಿಗೆ ೩೦ ಗಂಟೆ ಬೇಕು. ಎರಡು ಸಲ ನೋಡಿದರೆ ೬೦ ಗಂಟೆ. ಯಂತ್ರಕ್ಕಾದರೋ ಅದೆಲ್ಲ ಸ್ವಲ್ಪ ಹೊತ್ತಿನ ಕೆಲಸ. ವರ್ಷಕ್ಕೆ ಬೆರಳೆಣಿಕೆಯಷ್ಟು ಪ್ರತಿಗಳು ಮಾರಾಟವಾಗುವ ಹಳೆಯ ಪುಸ್ತಕಕ್ಕೆ ಅಷ್ಟು ಕೂಲಿ ಕೊಡಲು ವ್ಯಾಪಾರಿಯ ಮನಸ್ಸು ಒಪ್ಪುವುದಿಲ್ಲ. ಚಿಕ್ಕ ಪ್ರಕಾಶಕರ ಕಷ್ಟ ನಿಜವಾದುದು; ಅದನ್ನು ಅಲ್ಲಗಳೆಯಲಾಗದು. ಆದರೆ ಯಾರೂ ಓದಿ ನೋಡದ ಪುಸ್ತಕವನ್ನು, ಓದಿ ನೋಡಿದ ಪುಸ್ತಕದ ಬೆಲೆಗೇ ಮಾರುವುದನ್ನು ನ್ಯಾಯವೆನ್ನಲಾಗದು. ಕಲ್ಲು ಬೆರೆತ ಅಕ್ಕಿಯನ್ನು ಆರಿಸಿದ ಅಕ್ಕಿಯ ಬೆಲೆಗೆ ಮಾರುವ ಅಂಗಡಿಯನ್ನು ನಾವು ಎಷ್ಟು ದಿನ ಸಹಿಸುತ್ತೇವೆ?

ವಿಚಿತ್ರವೆಂದರೆ ಈ ಎಚ್ಚರವು ಧರ್ಮಾರ್ಥವಾಗಿ ಕೆಲಸ ಮಾಡುವವರಲ್ಲಿ ಹೆಚ್ಚಾಗಿ ಕಾಣುತ್ತದೆ. ೧೯೭೧ರಲ್ಲಿ ಮೈಕೆಲ್ ಹಾರ್ಟ್ ಎಂಬ ಅಮೆರಿಕದ ತರುಣನು ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ತಾನೇ ಬೆರಳಚ್ಚಿಸಿ ವಿಶ್ವವಿದ್ಯಾಲಯದ ಗಣಕಯಂತ್ರದಲ್ಲಿ ಇರಿಸಿದನು. ಅಲ್ಲಿಂದ ಬೆಳೆದುದೇ ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ ಎಂಬ ಉಚಿತ ಗ್ರಂಥಭಂಡಾರ. ಅದಕ್ಕೆ ನೆರವಾಗಲು ಚಾರ್ಲ್ಸ್ ಫ್ರ್ಯಾಂಕ್ಸ್ ಎಂಬವರು ೨೦೦೦ದಲ್ಲಿ ಕರಡು ತಿದ್ದುವವರ ಒಂದು ಬಳಗವನ್ನು ಕಟ್ಟಿದರು. ಇಲ್ಲಿ ಒಬ್ಬನಿಗೆ ಇಡೀ ಪುಸ್ತಕದ ಹೊರೆಯಿಲ್ಲ. ತೆರೆಯ ಮೇಲೆ ಮೂಲಪುಟದ ಚಿತ್ರವೂ ಯಂತ್ರವು ಓದಿದ ಪಾಠವೂ ಜೊತೆಜೊತೆಯಾಗಿ ಕಾಣುತ್ತವೆ. ಸ್ವಯಂಸೇವಕನು ದಿನಕ್ಕೆ ಒಂದು ಪುಟ ತಿದ್ದಿದರೂ ಸಾಕು. ಒಬ್ಬರು ತಿದ್ದಿದ ಪುಟವು ಮತ್ತೊಬ್ಬರಿಗೆ, ಅವರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಹೀಗೆ ಕಷ್ಟಪಟ್ಟು ತಿದ್ದಿದ ಪಾಠಗಳನ್ನೇ ಎತ್ತಿಕೊಂಡು, ಮುಖಪುಟವೊಂದನ್ನು ಅಂಟಿಸಿ, ಹಣಕ್ಕೆ ಮಾರುವವರೂ ಇದ್ದಾರೆ.

ಇ-ಪುಸ್ತಕದಲ್ಲಿ ತಪ್ಪನ್ನು ಸರಿಪಡಿಸುವುದು ಬಹಳ ಸುಲಭವೆಂಬುದನ್ನು ಮರೆಯಬಾರದು. ಕಾಗದದ ಪುಸ್ತಕಕ್ಕೆ ಮರುಮುದ್ರಣ ಬೇಕು. ಇಲ್ಲಿ ಕಡತವನ್ನು ತಿದ್ದಿ ಮತ್ತೆ ಏರಿಸಿದರಾಯಿತು. ಕಿಂಡಲ್‌ನಲ್ಲಿ ಓದುಗನು ತಪ್ಪನ್ನು ಗುರುತಿಸಿ ವರದಿ ಮಾಡಲು ಅವಕಾಶವಿದೆ. ೨೦೧೬ರ ಫೆಬ್ರವರಿಯಿಂದ ಅಮೆಜಾನ್ ಸಂಸ್ಥೆಯು ದೋಷಗಳು ದೃಢಪಟ್ಟ ಪುಸ್ತಕಗಳ ಮಾರಾಟದ ಪುಟದಲ್ಲಿ ಎಚ್ಚರಿಕೆಯ ಸೂಚನೆಯನ್ನು ಹಾಕತೊಡಗಿತು. ಆದರೆ ಈ ಸೌಲಭ್ಯಕ್ಕೆ ಇನ್ನೊಂದು ಮುಖವೂ ಉಂಟು. ಹೇಗಿದ್ದರೂ ಆಮೇಲೆ ತಿದ್ದಬಹುದೆಂಬ ಧೈರ್ಯವು ಮೊದಲೇ ತಿದ್ದುವ ಶ್ರದ್ಧೆಯನ್ನು ಕುಗ್ಗಿಸುತ್ತದೆ. ಅಷ್ಟೇ ಅಲ್ಲ, ತಿದ್ದಿದ್ದು ಯಾವಾಗ, ಯಾವ ಪದವನ್ನು ಎಂಬುದಕ್ಕೆ ತಪ್ಪು-ಒಪ್ಪುಗಳ ಪಟ್ಟಿ ಇರುವುದಿಲ್ಲ. ಒಂದೇ ಗ್ರಂಥವನ್ನು ಕೊಂಡ ಇಬ್ಬರ ಕೈಯಲ್ಲಿ ಎರಡು ಬಗೆಯ ಪಾಠಗಳಿರಬಹುದು. ತಾಳೆಗರಿಯ ಕಾಲದಲ್ಲಿ ಲಿಪಿಕಾರನಿಂದ ಲಿಪಿಕಾರನಿಗೆ ಪಾಠವು ಬದಲಾಗುತ್ತಿದ್ದುದರಿಂದಲೇ ನಮ್ಮ ವಿದ್ವಾಂಸರು ಹಲವು ಓಲೆಪ್ರತಿಗಳನ್ನು ಹೋಲಿಸಿ ಪಾಠಾಂತರಗಳನ್ನು ಗುರುತಿಸಬೇಕಾಯಿತು. ಆ ಚಂಚಲತೆಯನ್ನು ಅಚ್ಚು ತಕ್ಕಮಟ್ಟಿಗೆ ನಿಲ್ಲಿಸಿದ್ದಿತು; ಇ-ಪುಸ್ತಕದಲ್ಲಿ ಅದು ಮರಳಿ ಬಂದಿದೆ. ಓಲೆಪ್ರತಿಗಳಾದರೂ ಒಂದರ ಪಕ್ಕದಲ್ಲೊಂದು ಉಳಿದುವು. ಇಲ್ಲಿ ಹೊಸ ಕಡತವು ಹಳೆಯದನ್ನು ಅಳಿಸಿಬಿಡುತ್ತದೆ.

ಈಚೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಕರಡು ತಿದ್ದಿಸುವ ಪ್ರಯತ್ನಗಳು ನಡೆದಿವೆ. ಅವು ಅಕ್ಷರದ ಆಕಾರವನ್ನು ಮಾತ್ರವಲ್ಲದೆ ಪದಗಳ ಹೊಂದಾಣಿಕೆಯನ್ನೂ ಗಮನಿಸುವುದರಿಂದ ‘ದೋಪ’ದಂಥ ತಪ್ಪುಗಳು ಬಹಳಮಟ್ಟಿಗೆ ಮಾಯವಾಗುತ್ತವೆ. ಇದು ದೊಡ್ಡ ಅನುಕೂಲವೇ. ಆದರೆ ಅವು ಹೆಚ್ಚು ಬಳಕೆಯಲ್ಲಿರುವ ಪದದ ಕಡೆಗೆ ವಾಲುತ್ತವೆ. ಲೇಖಕನು ಬೇಕೆಂದೇ ‘ಹೊಗು’ ಎಂದು ಬರೆದಿದ್ದರೆ ಅದನ್ನು ‘ಹೋಗು’ ಎಂದು ತಿದ್ದಿಬಿಡಬಹುದು. ಪ್ರಾದೇಶಿಕ ನುಡಿ, ಹಳಗನ್ನಡದ ರೂಪ, ಹಳ್ಳಿಯ ಹೆಸರು—ಇಂಥವು ಅಪಾಯದಲ್ಲಿರುತ್ತವೆ. ಹಳೆಯ ಬಗೆಯ ತಪ್ಪು ಒರಟಾಗಿ ಕಣ್ಣಿಗೆ ಚುಚ್ಚುತ್ತಿದ್ದಿತು. ಈ ಹೊಸ ಬಗೆಯ ತಪ್ಪು ನಯವಾಗಿ ಓದಿಸಿಕೊಂಡು ಹೋಗುತ್ತದೆ. ಮೂಲಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡವನಿಗೆ ಮಾತ್ರ ಅದು ಸಿಕ್ಕಿಬೀಳುತ್ತದೆ.

ಮೂಲವನ್ನು ಪಕ್ಕದಲ್ಲಿಟ್ಟು ತಿದ್ದುವ ಕೆಲಸವನ್ನು ಕನ್ನಡದಲ್ಲಿ ಕಾಣಬೇಕೆಂದಿದ್ದವರು ‘ವಿಕಿಸೋರ್ಸ್’ ಎಂಬ ಉಚಿತ ಗ್ರಂಥಭಂಡಾರದ ಕನ್ನಡ ವಿಭಾಗವನ್ನು ನೋಡಬಹುದು. ಅಲ್ಲಿ ಪ್ರತಿ ಪುಟಕ್ಕೂ ಒಂದು ಬಣ್ಣವುಂಟು. ಯಂತ್ರವು ಓದಿ ಹಾಕಿದ, ಮನುಷ್ಯರು ಇನ್ನೂ ಪರಿಶೀಲಿಸದ ಪುಟಕ್ಕೆ ಕೆಂಪು. ಒಬ್ಬರು ಮೂಲದೊಡನೆ ಹೋಲಿಸಿ ತಿದ್ದಿದ ಪುಟಕ್ಕೆ ಹಳದಿ. ಮತ್ತೊಬ್ಬರು ಓದಿ ಒಪ್ಪಿದ ಪುಟಕ್ಕೆ ಹಸಿರು. ಹಳದಿ ಮಾಡಿದವರೇ ಅದನ್ನು ಹಸಿರು ಮಾಡಲು ವ್ಯವಸ್ಥೆಯು ಬಿಡುವುದಿಲ್ಲ. ಎರಡನೆಯ ಜೊತೆ ಕಣ್ಣು ಬೇರೆಯವರದೇ ಆಗಿರಬೇಕು. ಹಳೆಯ ಅಚ್ಚುಕೂಟದಲ್ಲಿ ಎದುರುಬದುರಾಗಿ ಕುಳಿತಿದ್ದ ಆ ಇಬ್ಬರು ಇಲ್ಲಿ ಒಬ್ಬರಿಗೊಬ್ಬರು ಮುಖ ಕಾಣದೆ, ಬೇರೆ ಬೇರೆ ಊರುಗಳಲ್ಲಿದ್ದುಕೊಂಡು ಅದೇ ಕೆಲಸವನ್ನು ಮಾಡುತ್ತಾರೆ. ಹಣ ಪಡೆದು ಮಾರುವ ಇ-ಪುಸ್ತಕಗಳ ಮೇಲೆ ಇಂಥ ಬಣ್ಣವನ್ನು ಯಾರೂ ಹಚ್ಚುವುದಿಲ್ಲ. ವಿಕಿಸೋರ್ಸ್‌ನಲ್ಲಿಯೂ ಕನ್ನಡದ ಅನೇಕ ಪುಟಗಳು ಇನ್ನೂ ಕೆಂಪಾಗಿಯೇ ಇವೆ.